ಕೊಳ್ಳುವ ಮೊದಲು ಕಟ್ಟಿ ನೋಡುವುದು: ಹೊಸ ಯುದ್ಧ ತಂತ್ರಜ್ಞಾನಗಳ ಮೂಲಮಾದರಿ ಮತ್ತು ಪರೀಕ್ಷೆ

ಹೊಸ ಆಯುಧದಲ್ಲಿ ದೋಷವಿರುವುದು ಅಸಹಜವೇನಲ್ಲ. ಆ ದೋಷ ಯಾವ ಹಂತದಲ್ಲಿ ಕಣ್ಣಿಗೆ ಬೀಳುತ್ತದೆ ಎಂಬುದರ ಮೇಲೆ ಅದಕ್ಕೆ ತೆರಬೇಕಾದ ಬೆಲೆ ನಿಂತಿರುತ್ತದೆ. ನಕ್ಷೆಯ ಹಂತದಲ್ಲಿ ಗೊತ್ತಾದರೆ ಎಂಜಿನಿಯರ್ ಒಬ್ಬರು ಗೆರೆಗಳನ್ನು ತಿದ್ದಿದರೆ ಸಾಕು. ಮೂಲಮಾದರಿಯಲ್ಲಿ ಗೊತ್ತಾದರೆ ಒಂದೆರಡು ಯಂತ್ರಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಗುತ್ತದೆ. ನೂರಾರು ಪ್ರತಿಗಳು ಕಾರ್ಖಾನೆಯಿಂದ ಹೊರಬಂದ ಮೇಲೆ ಗೊತ್ತಾದರೆ ಅಷ್ಟನ್ನೂ ವಾಪಸು ಕರೆಸಿ ದುರಸ್ತಿ ಮಾಡಬೇಕು, ಇಲ್ಲವೇ ದೋಷವನ್ನು ಸಹಿಸಿಕೊಂಡೇ ಬಳಸಬೇಕು. ಯುದ್ಧದಲ್ಲಿ ಗೊತ್ತಾದರೆ ಬೆಲೆ ತೆರುವವರು ಸೈನಿಕರು.

ಈ ಕೊನೆಯ ಸ್ಥಿತಿ ಎಷ್ಟು ದಾರುಣವಾಗಿರಬಲ್ಲದು ಎಂಬುದಕ್ಕೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಜಲಾಂತರ್ಗಾಮಿಗಳು ಬಳಸಿದ ಮಾರ್ಕ್ 14 ಟಾರ್ಪಿಡೋ ದೊಡ್ಡ ಉದಾಹರಣೆ. ಶತ್ರು ಹಡಗಿನ ಪಕ್ಕಕ್ಕೆ ಬಡಿಯುವ ಬದಲು ಅದರ ತಳದ ಕೆಳಗೆ ಸಾಗಿ, ಹಡಗಿನ ಕಾಂತಕ್ಷೇತ್ರವನ್ನು ಗ್ರಹಿಸಿ ಅಲ್ಲಿಯೇ ಸಿಡಿಯುವಂತೆ ಅದರ ಸ್ಫೋಟ ಪ್ರಚೋದಕವನ್ನು ರೂಪಿಸಲಾಗಿತ್ತು. ಆ ಕಾಲಕ್ಕೆ ಅದು ಅತ್ಯಾಧುನಿಕ ತಂತ್ರಜ್ಞಾನ. ಆದರೆ ಈ ಕಾಂತೀಯ ಪ್ರಚೋದಕವನ್ನು ನಿಜವಾದ ಸಿಡಿಮದ್ದಿನೊಂದಿಗೆ 1926ರಲ್ಲಿ ಒಂದು ಹಳೆಯ ಜಲಾಂತರ್ಗಾಮಿಯ ಮೇಲೆ ಎರಡು ಬಾರಿ ಹಾರಿಸಿ ನೋಡಿದ್ದನ್ನು ಬಿಟ್ಟರೆ, ಯುದ್ಧಕ್ಕೆ ಮುಂಚೆ ಅದರ ನೈಜ ಪರೀಕ್ಷೆ ನಡೆಯಲೇ ಇಲ್ಲ. ಆ ಎರಡರಲ್ಲಿ ಒಂದು ಸಿಡಿದಿರಲಿಲ್ಲ. ಒಂದೊಂದು ಟಾರ್ಪಿಡೋಗೆ ಸುಮಾರು 10,000 ಡಾಲರ್ ತಗಲುತ್ತಿದ್ದುದರಿಂದ, ಬಜೆಟ್ ಬಿಗಿಯಾಗಿದ್ದ ಆ ವರ್ಷಗಳಲ್ಲಿ ಅವನ್ನು ಸಿಡಿಸಿ ನೋಡುವುದು ದುಂದುಗಾರಿಕೆಯಂತೆ ಕಂಡಿತ್ತು.

ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ದೋಷಗಳು ಒಂದರ ಹಿಂದೊಂದು ಹೊರಬಿದ್ದವು. 1942ರ ಜೂನ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿಯಲ್ಲಿ ನೀರಿನೊಳಗೆ ಬಲೆ ಕಟ್ಟಿ ಟಾರ್ಪಿಡೋ ಹಾರಿಸಿ ನೋಡಿದಾಗ, ನಿಗದಿ ಮಾಡಿದ ಆಳಕ್ಕಿಂತ ಸುಮಾರು ಹತ್ತು ಹನ್ನೊಂದು ಅಡಿ ಕೆಳಗೆ ಅದು ಸಾಗುತ್ತಿರುವುದು ಗೊತ್ತಾಯಿತು. ಶಾಂತಿಕಾಲದ ಅಭ್ಯಾಸದಲ್ಲಿ ಬಳಸುತ್ತಿದ್ದ ಸಿಡಿತಲೆಗಳು ನಿಜವಾದವಕ್ಕಿಂತ ಹಗುರವಾಗಿದ್ದುದು ಇದಕ್ಕೆ ಒಂದು ಕಾರಣ. ಆಳವನ್ನು ಸರಿಪಡಿಸಿದ ಮೇಲೆ ಕಾಂತೀಯ ಪ್ರಚೋದಕ ಗುರಿ ತಲುಪುವ ಮುನ್ನವೇ ಸಿಡಿಯುವುದು ಎದ್ದು ಕಾಣತೊಡಗಿತು. 1943ರ ಜೂನ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸಿದ ಮೇಲೆ, ಹಡಗಿನ ಪಕ್ಕಕ್ಕೆ ನೇರವಾಗಿ ಬಡಿದರೂ ಟಾರ್ಪಿಡೋ ಸಿಡಿಯದಿರುವುದು ಕಂಡುಬಂದಿತು. ಹವಾಯಿಯ ಕಾಹೋಲಾವೆ ದ್ವೀಪದ ಬಂಡೆಗಳಿಗೆ ಟಾರ್ಪಿಡೋಗಳನ್ನು ಹೊಡೆದು, ಎತ್ತರದಿಂದ ಉಕ್ಕಿನ ಹಲಗೆಯ ಮೇಲೆ ಬೀಳಿಸಿ ನೋಡಿದಾಗ ಕಾರಣ ತಿಳಿಯಿತು: ಲಂಬಕೋನದಲ್ಲಿ ಬಡಿದಾಗ ಆಘಾತದ ರಭಸಕ್ಕೆ ಸಿಡಿಸುವ ಭಾಗವೇ ಸಿಲುಕಿಕೊಂಡು ತನ್ನ ಕೆಲಸ ಮಾಡುತ್ತಿರಲಿಲ್ಲ. ಒಂದು ದೋಷ ಇನ್ನೊಂದನ್ನು ಮರೆಮಾಡಿತ್ತು. ಮೊದಲನೆಯದನ್ನು ಕಳೆಯದೆ ಎರಡನೆಯದು ಕಾಣುವಂತಿರಲಿಲ್ಲ. ಯುದ್ಧದ ಸುಮಾರು ಇಪ್ಪತ್ತೊಂದು ತಿಂಗಳು ಹೀಗೆ ಕಳೆದವು. ಇವನ್ನೆಲ್ಲ ಬಯಲಿಗೆಳೆದ ಪರೀಕ್ಷೆಗಳಿಗೆ ಬೇಕಾಗಿದ್ದದ್ದು ಒಂದು ಬಲೆ, ಒಂದು ಬಂಡೆ, ಒಂದು ಕ್ರೇನ್ ಮತ್ತು ಕೆಲವು ಟಾರ್ಪಿಡೋಗಳು.

ಮೂಲಮಾದರಿ ಎಂದರೇನು ಎಂಬುದನ್ನು ಇಲ್ಲಿಂದ ಅರ್ಥಮಾಡಿಕೊಳ್ಳಬಹುದು. ಅದನ್ನು ಕೊಳ್ಳಲಿರುವ ವಸ್ತುವಿನ ಮೊದಲ ಪ್ರತಿ ಎಂದು ನೋಡುವುದು ಸರಿಯಲ್ಲ. ನಿರ್ದಿಷ್ಟವಾದ ಒಂದು ಸಂಶಯವನ್ನು, ಹಣ ಇನ್ನೂ ಕೈಯಲ್ಲಿರುವಾಗಲೇ, ಪರಿಹರಿಸಿಕೊಳ್ಳಲು ಕಟ್ಟುವ ಸಾಧನ ಅದು. ಸಂಶಯ ಯಾವುದು ಎಂಬುದರ ಮೇಲೆ ಮೂಲಮಾದರಿಯ ರೂಪವೂ ಬದಲಾಗುತ್ತದೆ. ರೆಕ್ಕೆಯ ಆಕಾರ ಕೆಲಸ ಮಾಡುವುದೇ ಎಂಬುದಷ್ಟೇ ಪ್ರಶ್ನೆಯಾದರೆ ರೇಡಾರ್ ಇಲ್ಲದ, ಆಯುಧಗಳಿಲ್ಲದ ವಿಮಾನ ಸಾಕು. ಸೈನಿಕನು ಅದನ್ನು ಕತ್ತಲಲ್ಲಿ, ಕೈಗವಸು ಹಾಕಿಕೊಂಡು ನಡೆಸಬಲ್ಲನೇ ಎಂಬುದು ಪ್ರಶ್ನೆಯಾದರೆ ಒಳಗಿನ ಯಂತ್ರ ಅಪೂರ್ಣವಾಗಿದ್ದರೂ ಗುಂಡಿ, ಪರದೆ, ಪಟ್ಟಿಗಳು ನಿಜದಂತೆಯೇ ಇರಬೇಕು.

ಈ ವಿಧಾನವನ್ನು ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ನೀತಿಯಾಗಿ ಮುಂದಿಟ್ಟವರಲ್ಲಿ ಪ್ರಮುಖರು 1969ರಿಂದ 1971ರವರೆಗೆ ರಕ್ಷಣಾ ಉಪಕಾರ್ಯದರ್ಶಿಯಾಗಿದ್ದ ಡೇವಿಡ್ ಪ್ಯಾಕರ್ಡ್. ಹಾರಿಸಿ ನೋಡಿ ಆಮೇಲೆ ಕೊಳ್ಳಿ ಎಂಬುದು ಅವರ ನಿಲುವು. ಅದರ ಫಲವಾಗಿ 1972ರಲ್ಲಿ ಹಗುರ ಯುದ್ಧವಿಮಾನದ ಯೋಜನೆಯಡಿ ಜನರಲ್ ಡೈನಮಿಕ್ಸ್ ಮತ್ತು ನಾರ್ತ್ರಾಪ್ ಕಂಪನಿಗಳಿಗೆ ತಲಾ 4 ಕೋಟಿ ಡಾಲರ್‌ಗಿಂತ ಕಡಿಮೆ ಮೊತ್ತದ ಗುತ್ತಿಗೆ ನೀಡಿ, ಎರಡೆರಡು ಮೂಲಮಾದರಿ ವಿಮಾನಗಳನ್ನು ಕಟ್ಟಿಸಲಾಯಿತು. ವೈಎಫ್-16 ಮತ್ತು ವೈಎಫ್-17 ಎಂಬ ಈ ವಿಮಾನಗಳು 1974ರಲ್ಲಿ ಹಾರಿದವು. 1975ರ ಜನವರಿಯಲ್ಲಿ ವಾಯುಪಡೆ ಮೊದಲನೆಯದನ್ನು ಆರಿಸಿತು. ಅದು ಎಫ್-16 ಆಗಿ ಮುಂದೆ 4,500ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಸೋತ ವಿಮಾನವೂ ವ್ಯರ್ಥವಾಗಲಿಲ್ಲ. ಅದರ ವಿನ್ಯಾಸದಿಂದಲೇ ನೌಕಾಪಡೆಯ ಎಫ್/ಎ-18 ರೂಪುಗೊಂಡಿತು. ಎರಡೂ ವಿಮಾನಗಳನ್ನು ಕಟ್ಟಿಸಲು ಆದ ಖರ್ಚನ್ನು ಎಫ್-16ರ ದಶಕಗಳ ಒಟ್ಟು ಖರ್ಚಿನ ಪಕ್ಕದಲ್ಲಿಟ್ಟರೆ ಅದು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಆದರೂ ಆಯ್ಕೆಯ ಹಕ್ಕು ಖರೀದಿದಾರನ ಕೈಯಲ್ಲಿ ಕೊನೆಯವರೆಗೂ ಉಳಿದಿದ್ದು ಆ ಚಿಕ್ಕ ಖರ್ಚಿನಿಂದ. ಒಬ್ಬನೇ ಮಾರಾಟಗಾರ, ಒಂದೇ ವಿನ್ಯಾಸ ಉಳಿದುಕೊಂಡ ಮೇಲೆ ಸರ್ಕಾರಕ್ಕೆ ಬೇಡ ಎನ್ನುವ ಶಕ್ತಿ ಬಹುಮಟ್ಟಿಗೆ ಕುಂದಿಹೋಗುತ್ತದೆ.

ಇತ್ತೀಚೆಗೆ ಹೆಲಿಕಾಪ್ಟರ್‌ಗಳಲ್ಲಿಯೂ ಇದೇ ಕ್ರಮ ನಡೆಯಿತು. ಬೆಲ್ ಕಂಪನಿಯ ವಿ-280 ಎಂಬ, ರೋಟರ್‌ಗಳನ್ನೇ ವಾಲಿಸಿಕೊಂಡು ಹಾರುವ ಪ್ರಾಯೋಗಿಕ ವಿಮಾನ 2017ರ ಡಿಸೆಂಬರ್‌ನಲ್ಲಿ ಮೊದಲು ಹಾರಿ, 200ಕ್ಕೂ ಹೆಚ್ಚು ಗಂಟೆಗಳ ಹಾರಾಟ ಮುಗಿಸಿತು. ಅದರ ಪ್ರತಿಸ್ಪರ್ಧಿ ಡಿಫಯಂಟ್ ರೋಟರ್ ಅಲಗುಗಳ ತಯಾರಿಕೆಯ ತೊಂದರೆಗಳಿಂದ ತಡವಾಗಿ, 2019ರ ಮಾರ್ಚ್‌ನಲ್ಲಿ ಮೇಲೇರಿತು. 2022ರ ಡಿಸೆಂಬರ್‌ನಲ್ಲಿ ಸೇನೆ ವಿ-280 ಆಧಾರಿತ ವಿನ್ಯಾಸವನ್ನು ಆರಿಸಿದಾಗ ಅದರ ಮುಂದೆ ಇದ್ದದ್ದು ಕಂಪನಿಗಳ ಭರವಸೆಗಳಷ್ಟೇ ಅಲ್ಲ, ವರ್ಷಗಟ್ಟಲೆ ಹಾರಾಟದಲ್ಲಿ ಸಂಗ್ರಹಿಸಿದ ಅಳತೆಗಳು.

ತಂತ್ರಜ್ಞಾನವೊಂದು ಎಷ್ಟು ಪಕ್ವವಾಗಿದೆ ಎಂದು ಹೇಳಲು ಸಾಮಾನ್ಯ ಅಳತೆಗೋಲೊಂದು ಬಳಕೆಯಲ್ಲಿದೆ. 1970ರ ದಶಕದಲ್ಲಿ ನಾಸಾದಲ್ಲಿ ಹುಟ್ಟಿ ಈಗ ಒಂಬತ್ತು ಮೆಟ್ಟಿಲುಗಳಾಗಿರುವ ಇದನ್ನು ತಂತ್ರಜ್ಞಾನ ಸಿದ್ಧತಾ ಮಟ್ಟ ಎನ್ನುತ್ತಾರೆ. ಮೂಲ ತತ್ವವನ್ನು ಗಮನಿಸಿದ್ದು ಒಂದನೆಯ ಮಟ್ಟ, ನಿಜವಾದ ಕಾರ್ಯಾಚರಣೆಯಲ್ಲಿ ಗೆದ್ದು ತೋರಿಸಿದ್ದು ಒಂಬತ್ತನೆಯದು. ಹೂಡಿಕೆಯ ದೃಷ್ಟಿಯಿಂದ ಆರು ಮತ್ತು ಏಳರ ನಡುವಿನ ಅಂತರ ಬಹಳ ಮುಖ್ಯ. ಆರನೆಯ ಮಟ್ಟದಲ್ಲಿ ಮೂಲಮಾದರಿ ನಿಜಕ್ಕೆ ಹೋಲುವ ಪರಿಸರದಲ್ಲಿ ಕೆಲಸ ಮಾಡಿ ತೋರಿಸಿರುತ್ತದೆ. ಏಳನೆಯದರಲ್ಲಿ ನಿಜವಾದ ಕಾರ್ಯಾಚರಣೆಯ ಪರಿಸರದಲ್ಲಿಯೇ ತೋರಿಸಿರುತ್ತದೆ. ದೊಡ್ಡ ಯೋಜನೆಯ ಅಭಿವೃದ್ಧಿಗೆ ಹಸಿರು ನಿಶಾನೆ ಕೊಡಲು ಅಮೆರಿಕದ ಕಾನೂನು ಆರನ್ನು ಸಾಕೆಂದರೆ, ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ ಏಳು ಇರಲಿ ಎಂದು ಬಹುಕಾಲದಿಂದ ಒತ್ತಾಯಿಸುತ್ತ ಬಂದಿದೆ. ಕಾಗದದ ಮೇಲೆ ಒಂದೇ ಅಂಕಿಯ ವ್ಯತ್ಯಾಸ. ಮಂಜು, ಉಪ್ಪುನೀರು, ಧೂಳು, ಅದುರುವಿಕೆ, ದಣಿದ ಸೈನಿಕ ಇವೆಲ್ಲ ಬಂದು ಸೇರುವುದು ಆ ಒಂದು ಅಂಕಿಯ ನಡುವೆಯೇ. 2003ರಲ್ಲಿ ಅಮೆರಿಕದ ಭೂಸೇನೆ ಫ್ಯೂಚರ್ ಕಾಂಬ್ಯಾಟ್ ಸಿಸ್ಟಮ್ಸ್ ಎಂಬ ಬೃಹತ್ ಯೋಜನೆಯನ್ನು ಆರಂಭಿಸಿದಾಗ ಅದು ನೆಚ್ಚಿಕೊಂಡಿದ್ದ ನಿರ್ಣಾಯಕ ತಂತ್ರಜ್ಞಾನಗಳಲ್ಲಿ ಬಹುಪಾಲು ಪಕ್ವವಾಗಿರಲಿಲ್ಲ. ಆರು ವರ್ಷಗಳ ಬಳಿಕ, ಸುಮಾರು 1,800 ಕೋಟಿ ಡಾಲರ್ ಖರ್ಚಾದ ಮೇಲೆ, ಅದನ್ನು ರದ್ದುಪಡಿಸಲಾಯಿತು.

ಯಂತ್ರ ಕೆಲಸ ಮಾಡುತ್ತದೆಯೇ ಎಂಬುದು ಪರೀಕ್ಷೆಯ ಆರಂಭ ಮಾತ್ರ. ಬಳಸುವವರ ಕೈಯಲ್ಲಿ ಕೆಲಸ ಮಾಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ ಆಧರಿಸಿ ರೂಪಿಸಿದ, ಸೈನಿಕನ ಕಣ್ಣೆದುರಿಗೇ ನಕ್ಷೆ ಮತ್ತು ಗುರಿಗಳನ್ನು ತೋರಿಸುವ ಐವಾಸ್ ಎಂಬ ಕನ್ನಡಕಕ್ಕೆ 2021ರಲ್ಲಿ ಹತ್ತು ವರ್ಷಗಳಲ್ಲಿ 2,188 ಕೋಟಿ ಡಾಲರ್‌ವರೆಗೆ ಹೋಗಬಹುದಾದ ಗುತ್ತಿಗೆ ನೀಡಲಾಗಿತ್ತು. 2022ರ ಪರೀಕ್ಷೆಯಲ್ಲಿ ಅದನ್ನು ಧರಿಸಿದ ಸೈನಿಕರಲ್ಲಿ ಬಹುಪಾಲು ಜನರಿಗೆ ತಲೆನೋವು, ವಾಕರಿಕೆ, ಕಣ್ಣುನೋವಿನಂಥ ತೊಂದರೆ ಕಾಣಿಸಿಕೊಂಡಿತು. ಸೈನಿಕರು ಒಪ್ಪದಿದ್ದರೆ ಅಷ್ಟೂ ಹಣ ಪೋಲಾದೀತು ಎಂದು ರಕ್ಷಣಾ ಇಲಾಖೆಯ ಮಹಾ ಪರಿವೀಕ್ಷಕರ ವರದಿ ಎಚ್ಚರಿಸಿತು. ಖರೀದಿಗೆಂದು ಸೇನೆ ಕೇಳಿದ್ದ ಸುಮಾರು 40 ಕೋಟಿ ಡಾಲರ್‌ಗಳನ್ನು ಸಂಸತ್ತು ತಡೆದು, ಸುಧಾರಣೆಗೆಂದು 4 ಕೋಟಿಯನ್ನಷ್ಟೇ ಕೊಟ್ಟಿತು. ಪ್ರಯೋಗಾಲಯದಲ್ಲಿ ಎಷ್ಟೇ ಅಳೆದರೂ ಸಿಗದ ಮಾಹಿತಿ ಇದು. ಮೂರು ಗಂಟೆ ಹೊತ್ತುಕೊಂಡು ಓಡಿದವರಿಗೆ ಮಾತ್ರ ಗೊತ್ತಾಗುವಂಥದ್ದು.

ಮೂರನೆಯ ಪ್ರಶ್ನೆ ಇನ್ನೂ ಸೂಕ್ಷ್ಮ: ಹೇಳಿದಂತೆಯೇ ಕೆಲಸ ಮಾಡಿದರೂ ಅದರಿಂದ ಪ್ರಯೋಜನವಿದೆಯೇ? ಬೋಯಿಂಗ್ 747 ವಿಮಾನದ ಮೂತಿಗೆ ಶಕ್ತಿಶಾಲಿ ರಾಸಾಯನಿಕ ಲೇಸರ್ ಅಳವಡಿಸಿ, ಶತ್ರುವಿನ ಕ್ಷಿಪಣಿಯನ್ನು ಮೇಲೇರುವ ಹಂತದಲ್ಲಿಯೇ ಸುಡುವ ವೈಎಎಲ್-1 ಯೋಜನೆ 2010ರ ಫೆಬ್ರವರಿಯಲ್ಲಿ ನಿಜವಾಗಿಯೂ ಒಂದು ಪರೀಕ್ಷಾ ಕ್ಷಿಪಣಿಯನ್ನು ನಾಶಪಡಿಸಿತು. ತಾಂತ್ರಿಕವಾಗಿ ಅದು ಅಪೂರ್ವ ಸಾಧನೆ. ಆದರೆ ಲೇಸರ್‌ನ ವ್ಯಾಪ್ತಿ ಚಿಕ್ಕದಾಗಿದ್ದುದರಿಂದ ಆ ಭಾರೀ ವಿಮಾನ ಶತ್ರುದೇಶದ ಗಡಿಯೊಳಗೇ ಸುತ್ತುತ್ತಿರಬೇಕಾಗುತ್ತಿತ್ತು. ಅದು ಉಪಯುಕ್ತವಾಗಲು ಇಪ್ಪತ್ತು ಮೂವತ್ತು ಪಟ್ಟು ಹೆಚ್ಚು ಶಕ್ತಿಯ ಲೇಸರ್ ಬೇಕೆಂದು ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಅಷ್ಟರಲ್ಲಾಗಲೇ ಹೇಳಿದ್ದರು. 500 ಕೋಟಿ ಡಾಲರ್‌ಗೂ ಮೀರಿ ಖರ್ಚಾಗಿದ್ದ ಯೋಜನೆ 2011ರ ಕೊನೆಗೆ ನಿಂತಿತು. ಈ ಮೂರನೆಯ ಪ್ರಶ್ನೆಗೆ ಉತ್ತರ ಪಡೆಯಲು ವಿಮಾನ ಕಟ್ಟುವವರೆಗೆ ಕಾಯಬೇಕಾಗಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ. ನಕ್ಷೆಯ ಮೇಲಿನ ಯುದ್ಧಾಭ್ಯಾಸ ಮತ್ತು ಕಂಪ್ಯೂಟರ್ ಅನುಕರಣೆಗಳು ಕೊಡುವ ಉತ್ತರವೇ ಅದು. ಕಬ್ಬಿಣ ಬಗ್ಗಿಸುವ ಮೊದಲು ಮಾಡಬಹುದಾದ ಪರೀಕ್ಷೆಗಳೂ ಪರೀಕ್ಷೆಗಳೇ, ಮತ್ತು ಅವು ಅತ್ಯಂತ ಅಗ್ಗ.

ಪರೀಕ್ಷೆಯ ಫಲಿತಾಂಶವನ್ನು ಓದುವಾಗ ಸಾಮಾನ್ಯವಾಗಿ ಆಗುವ ಒಂದು ತಪ್ಪು ಗ್ರಹಿಕೆಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಹತ್ತು ಬಾರಿ ಹಾರಿಸಿದ ಕ್ಷಿಪಣಿ ಹತ್ತೂ ಬಾರಿ ಗುರಿ ಮುಟ್ಟಿತು ಎಂದರೆ ಅದು ನೂರಕ್ಕೆ ನೂರು ನಂಬಲರ್ಹ ಎಂದು ಅನ್ನಿಸುವುದು ಸಹಜ. ಸಂಖ್ಯಾಶಾಸ್ತ್ರ ಹಾಗೆ ಹೇಳುವುದಿಲ್ಲ. ಹತ್ತರಲ್ಲಿ ಒಂದೂ ವಿಫಲವಾಗದಿದ್ದಾಗ ಶೇ 95ರಷ್ಟು ವಿಶ್ವಾಸದಿಂದ ಹೇಳಬಹುದಾದದ್ದು ಇಷ್ಟೇ: ನಿಜವಾದ ವೈಫಲ್ಯದ ಪ್ರಮಾಣ ಸುಮಾರು ಶೇ 26ನ್ನು ಮೀರಿರಲಾರದು. ಅಂದರೆ ನಾಲ್ಕರಲ್ಲಿ ಒಂದು ವಿಫಲವಾಗುವ ಆಯುಧವೂ ಈ ಪರೀಕ್ಷೆಯನ್ನು ಅದೃಷ್ಟದಿಂದ ದಾಟಿರಬಹುದು. ಆ ಮಿತಿಯನ್ನು ಶೇ 5ಕ್ಕೆ ಇಳಿಸಬೇಕಾದರೆ ಒಂದೂ ವೈಫಲ್ಯವಿಲ್ಲದೆ ಸುಮಾರು ಅರುವತ್ತು ಪರೀಕ್ಷೆಗಳು, ಶೇ 1ಕ್ಕೆ ಇಳಿಸಬೇಕಾದರೆ ಸುಮಾರು ಮುನ್ನೂರು ಪರೀಕ್ಷೆಗಳು ಬೇಕು. ಒಂದೊಂದಕ್ಕೂ ಕೋಟಿಗಟ್ಟಲೆ ತಗಲುವ ಆಯುಧವನ್ನು ಮುನ್ನೂರು ಬಾರಿ ಹಾರಿಸಲು ಯಾರಿಂದಲೂ ಆಗದು. ಆದ್ದರಿಂದಲೇ ಬಿಡಿಭಾಗಗಳನ್ನು ಬೇರೆ ಬೇರೆಯಾಗಿ ನೂರಾರು ಬಾರಿ ಪರೀಕ್ಷಿಸಿ, ಪೂರ್ಣ ವ್ಯವಸ್ಥೆಯನ್ನು ಕೆಲವೇ ಬಾರಿ, ಆದರೆ ಅತ್ಯಂತ ಕಠಿಣ ಸಂದರ್ಭಗಳನ್ನು ಆರಿಸಿಕೊಂಡು ಪರೀಕ್ಷಿಸುವ ಪದ್ಧತಿ ಬೆಳೆದಿದೆ. ಪತ್ರಕರ್ತರ ಮುಂದೆ ನಡೆಯುವ ಒಂದು ಯಶಸ್ವಿ ಪ್ರದರ್ಶನಕ್ಕೆ ಈ ಲೆಕ್ಕದಲ್ಲಿ ಎಷ್ಟು ತೂಕವಿದೆ ಎಂಬುದನ್ನು ಓದುಗರೇ ಊಹಿಸಬಹುದು.

ವಿಶ್ವಾಸಾರ್ಹತೆಯ ಈ ಲೆಕ್ಕ ಅಮೆರಿಕದ ವಿಮಾನವಾಹಕ ನೌಕೆ ಜೆರಾಲ್ಡ್ ಆರ್. ಫೋರ್ಡ್‌ನಲ್ಲಿ ಢಾಳಾಗಿ ಕಾಣಿಸಿತು. ಹಬೆಯ ಬದಲು ವಿದ್ಯುತ್ಕಾಂತ ಬಲದಿಂದ ವಿಮಾನಗಳನ್ನು ಚಿಮ್ಮಿಸುವ ಅದರ ಯಂತ್ರ ಎರಡು ಗಂಭೀರ ವೈಫಲ್ಯಗಳ ನಡುವೆ ಸರಾಸರಿ 4,166 ಉಡಾವಣೆಗಳನ್ನು ನೀಡಬೇಕೆಂಬುದು ಗುರಿಯಾಗಿತ್ತು. ಸಮುದ್ರದಲ್ಲಿ ನಡೆದ 3,975 ಉಡಾವಣೆಗಳ ಅವಧಿಯಲ್ಲಿ ಸಿಕ್ಕಿದ್ದು 181. ಈ ಯಂತ್ರಕ್ಕೆ ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ನೆಲದ ಮೇಲಿನ ಪರೀಕ್ಷಾ ಕೇಂದ್ರವಾದರೂ ಇತ್ತು. ಮದ್ದುಗುಂಡುಗಳನ್ನು ಮೇಲೆತ್ತುವ ಹೊಸ ಬಗೆಯ ಹನ್ನೊಂದು ಲಿಫ್ಟ್‌ಗಳಿಗೆ ಅದೂ ಇರಲಿಲ್ಲ. ಅವುಗಳ ಮೂಲಮಾದರಿ ಪರೀಕ್ಷೆ ವಾಸ್ತವದಲ್ಲಿ ನೌಕೆಯೊಳಗೇ ನಡೆಯಿತು ಎನ್ನಬೇಕು. 2017ರ ಮೇ ತಿಂಗಳಲ್ಲಿ ನೌಕೆಯನ್ನು ಹಸ್ತಾಂತರಿಸಿದಾಗ ಒಂದೂ ಲಿಫ್ಟ್ ಬಳಕೆಗೆ ಸಿದ್ಧವಿರಲಿಲ್ಲ, ಕೊನೆಯದು ಸಿದ್ಧವಾದದ್ದು 2021ರ ಡಿಸೆಂಬರ್‌ನಲ್ಲಿ.

ಇದರ ಹಿಂದಿರುವ ರೋಗಕ್ಕೆ ಏಕಕಾಲಿಕತೆ ಎನ್ನಬಹುದು: ಅಭಿವೃದ್ಧಿ, ಪರೀಕ್ಷೆ, ತಯಾರಿಕೆ ಮೂರನ್ನೂ ಒಟ್ಟಿಗೆ ನಡೆಸುವುದು. ಸಮಯ ಉಳಿಯುತ್ತದೆ ಎಂಬ ಆಸೆಯಿಂದ ಇದನ್ನು ಒಪ್ಪಲಾಗುತ್ತದೆ. ಎಫ್-35 ಯುದ್ಧವಿಮಾನದ ತಯಾರಿಕಾ ಗುತ್ತಿಗೆಗಳು 2007ರಲ್ಲಿಯೇ ಆರಂಭವಾದರೆ, ಪರೀಕ್ಷೆಗಳೆಲ್ಲ ಮುಗಿದು ಪೂರ್ಣ ಪ್ರಮಾಣದ ತಯಾರಿಕೆಗೆ ಔಪಚಾರಿಕ ಒಪ್ಪಿಗೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ. ಅಷ್ಟರೊಳಗೆ ಸುಮಾರು ಸಾವಿರ ವಿಮಾನಗಳು ತಯಾರಾಗಿದ್ದವು. ಖರೀದಿ ವಿಭಾಗದ ಮುಖ್ಯ ಹೊಣೆ ಹೊತ್ತಿದ್ದ ಫ್ರಾಂಕ್ ಕೆಂಡಾಲ್ 2012ರಲ್ಲೇ ಈ ಅವಸರದ ತಯಾರಿಕೆಯನ್ನು ಖರೀದಿ ಕರ್ತವ್ಯದ ಘೋರ ಲೋಪವೆಂದು ಬಹಿರಂಗವಾಗಿ ಟೀಕಿಸಿದ್ದರು. ಪರೀಕ್ಷೆಯಲ್ಲಿ ಕಂಡ ಪ್ರತಿಯೊಂದು ದೋಷವನ್ನೂ ಆಗಲೇ ಕೊಟ್ಟಾಗಿದ್ದ ವಿಮಾನಗಳಲ್ಲಿಯೂ ತಿದ್ದಬೇಕಾಗಿ ಬಂದುದರಿಂದ, ಉಳಿಸಲು ಹೊರಟ ಸಮಯ ಬೇರೆ ದಾರಿಯಲ್ಲಿ ಸೋರಿಹೋಯಿತು.

ಹಾಗೆಂದು ತುರ್ತು ಎಂಬುದೇ ಇಲ್ಲವೆಂದಲ್ಲ. ಪ್ರೆಡೇಟರ್ ಡ್ರೋನ್ 1994ರಲ್ಲಿ ಮೊದಲು ಹಾರಿ ಮರುವರ್ಷವೇ ಬಾಲ್ಕನ್ ಪ್ರದೇಶದ ಕಾರ್ಯಾಚರಣೆಗೆ ಹೋಯಿತು. 2001ರಲ್ಲಿ ಪೆಂಟಗನ್‌ನ ಪರೀಕ್ಷಾ ವಿಭಾಗ ಅದನ್ನು ಕಾರ್ಯಾಚರಣೆಯ ದೃಷ್ಟಿಯಿಂದ ಪರಿಣಾಮಕಾರಿಯೂ ಅಲ್ಲ, ಸೂಕ್ತವೂ ಅಲ್ಲ ಎಂದು ವರದಿ ಕೊಟ್ಟಿತು. ಅದೇ ವರ್ಷ ಆಫ್ಘಾನಿಸ್ತಾನದಲ್ಲಿ ಅದು ಅನಿವಾರ್ಯ ಸಾಧನವಾಯಿತು. ಪರೀಕ್ಷೆ ತಪ್ಪಿತ್ತು ಎಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಕೆಟ್ಟ ಹವಾಮಾನದಲ್ಲಿ ಅದು ಕೈಕೊಡುತ್ತದೆ ಎಂಬುದು ನಿಜವೇ ಆಗಿತ್ತು. ಎಲ್ಲಿ ಕೈಕೊಡುತ್ತದೆಂದು ಗೊತ್ತಿದ್ದರೆ ಅಪೂರ್ಣ ಸಾಧನವನ್ನೂ ಎಚ್ಚರದಿಂದ ಬಳಸಬಹುದು. ಗೊತ್ತಿಲ್ಲದೆ ಬಳಸುವುದು ಮಾತ್ರ ಜೂಜು.

ಹೊಸ ತಲೆಮಾರಿನ ತಂತ್ರಜ್ಞಾನಗಳು ಈ ಎಲ್ಲ ವಿಧಾನಗಳಿಗೂ ಸವಾಲೊಡ್ಡಿವೆ. ಟಾರ್ಪಿಡೋವೋ ವಿಮಾನವೋ ಒಮ್ಮೆ ರೂಪುಗೊಂಡರೆ ವರ್ಷಗಟ್ಟಲೆ ಹಾಗೆಯೇ ಇರುತ್ತದೆ, ಅದರ ಪರೀಕ್ಷೆಯ ತೀರ್ಪೂ ಅಷ್ಟು ಕಾಲ ಬಾಳುತ್ತದೆ. ಸಾಫ್ಟ್‌ವೇರ್ ಹಾಗಲ್ಲ, ಇಂದು ಪರೀಕ್ಷಿಸಿದ ಆವೃತ್ತಿ ಮುಂದಿನ ತಿಂಗಳು ಇರುವುದಿಲ್ಲ. ಉಕ್ರೇನ್ ಯುದ್ಧದಲ್ಲಿ ರೇಡಿಯೋ ಸಂಕೇತಗಳನ್ನು ಕೆಡಿಸುವ ಉಪಕರಣಗಳು ಹೆಚ್ಚಿದಂತೆ, ರೇಡಿಯೋವನ್ನೇ ನೆಚ್ಚದೆ ತೆಳುವಾದ ಆಪ್ಟಿಕಲ್ ಫೈಬರ್ ಎಳೆಯನ್ನು ಬಿಚ್ಚಿಕೊಳ್ಳುತ್ತ ಹಾರುವ ಡ್ರೋನ್‌ಗಳು ಬಂದವು. ಶಾಂತವಾದ ಮೈದಾನದಲ್ಲಿ ಚೆನ್ನಾಗಿ ಹಾರಿದ ಡ್ರೋನ್ ಇಂಥ ಯುದ್ಧಭೂಮಿಯಲ್ಲಿ ಹೇಗೆ ಕೆಲಸ ಮಾಡೀತು ಎಂಬುದರ ಬಗ್ಗೆ ಆ ಮೈದಾನದ ಪರೀಕ್ಷಾ ವರದಿ ಏನನ್ನೂ ಹೇಳಿದಂತಾಗುವುದಿಲ್ಲ. ಎದುರಾಳಿಯ ಪಾತ್ರ ವಹಿಸಿ ಸಂಕೇತ ಕೆಡಿಸುವ, ಮೋಸದ ಗುರಿಗಳನ್ನಿಡುವ, ದುರ್ಬಲ ಜಾಗ ಹುಡುಕುವ ತಂಡವೊಂದು ಪರೀಕ್ಷೆಯಲ್ಲಿ ಇರಲೇಬೇಕು, ಮತ್ತು ಅದಕ್ಕೆ ಗೆಲ್ಲುವ ಸ್ವಾತಂತ್ರ್ಯವೂ ಇರಬೇಕು.

ಕೃತಕ ಬುದ್ಧಿಮತ್ತೆಯಲ್ಲಿ ತೊಡಕು ಇನ್ನೊಂದು ಬಗೆಯದು. ಚಿತ್ರಗಳಲ್ಲಿ ಟ್ಯಾಂಕ್ ಗುರುತಿಸಲು ಕಲಿತ ವ್ಯವಸ್ಥೆ ತಾನು ಕಲಿತ ಚಿತ್ರಗಳಂಥವುಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹಿಮ ಬಿದ್ದಾಗ, ಮರೆಮಾಚುವ ಬಲೆ ಹೊದಿಸಿದಾಗ, ಕೋನ ಬದಲಾದಾಗ ಅದು ತಪ್ಪುವ ರೀತಿಯನ್ನು ಮೊದಲೇ ಊಹಿಸುವುದು ಕಷ್ಟ. ಒಂದು ಸೇತುವೆಗೆ ಹತ್ತು ಟನ್ ಭಾರ ಹೊರಿಸಿ ನೋಡಿದರೆ ಒಂಬತ್ತು ಟನ್ನಿನ ಬಗ್ಗೆ ನಿಶ್ಚಿಂತೆಯಿಂದ ಇರಬಹುದು, ಆದರೆ ಈ ವ್ಯವಸ್ಥೆಗಳಲ್ಲಿ ಕಠಿಣ ಸಂದರ್ಭವನ್ನು ಗೆದ್ದದ್ದು ಸುಲಭ ಸಂದರ್ಭಕ್ಕೆ ಖಾತರಿಯಾಗುವುದಿಲ್ಲ. ಆದ್ದರಿಂದ ಇಲ್ಲಿ ಪರೀಕ್ಷೆಯನ್ನು ಖರೀದಿಗೆ ಮುಂಚಿನ ಒಂದು ಬಾಗಿಲು ಎಂದು ತಿಳಿಯುವಂತಿಲ್ಲ. ವ್ಯವಸ್ಥೆ ಬಳಕೆಯಲ್ಲಿರುವಷ್ಟು ಕಾಲವೂ, ಪ್ರತಿ ಹೊಸ ಆವೃತ್ತಿಗೂ ಅದು ನಡೆಯಬೇಕು. ಹೂಡಿಕೆಯ ಲೆಕ್ಕದಲ್ಲಿ ಆ ಖರ್ಚನ್ನೂ ಆರಂಭದಲ್ಲಿಯೇ ಸೇರಿಸಬೇಕು.

ಇಷ್ಟೆಲ್ಲದರ ತೀರ್ಪು ಕೊಡುವವರು ಯಾರು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಆಯುಧ ಮಾರುವವರೂ ಆಗಿರಬಾರದು, ಅದನ್ನು ಬಯಸಿ ಯೋಜನೆ ರೂಪಿಸಿದವರೂ ಆಗಿರಬಾರದು. ಅಮೆರಿಕದ ಸಂಸತ್ತು 1983ರಲ್ಲಿ ಕಾರ್ಯಾಚರಣಾ ಪರೀಕ್ಷೆಗೆಂದೇ ಸ್ವತಂತ್ರ ನಿರ್ದೇಶಕರ ಕಚೇರಿಯನ್ನು ಸ್ಥಾಪಿಸಿ, ಅವರು ರಕ್ಷಣಾ ಕಾರ್ಯದರ್ಶಿಗೂ ಸಂಸತ್ತಿಗೂ ನೇರವಾಗಿ ವರದಿ ಕೊಡುವಂತೆ ಮಾಡಿದ್ದು ಈ ಕಾರಣಕ್ಕೆ. ಫೋರ್ಡ್ ನೌಕೆಯ ಉಡಾವಣಾ ಯಂತ್ರದ ಅಂಕಿಗಳು ಸಾರ್ವಜನಿಕರಿಗೆ ಸಿಕ್ಕಿದ್ದು ಆ ಕಚೇರಿಯ ವಾರ್ಷಿಕ ವರದಿಗಳಿಂದಲೇ. 2025ರ ಮೇ ತಿಂಗಳಲ್ಲಿ ಅದರ ಸಿಬ್ಬಂದಿಯನ್ನು ಸುಮಾರು ಅರ್ಧಕ್ಕೆ ಇಳಿಸುವ ಆದೇಶ ಹೊರಬಿದ್ದದ್ದು ಈ ವಿಷಯದಲ್ಲಿ ಕಾಳಜಿಯಿರುವ ಯಾರನ್ನಾದರೂ ಕಳವಳಗೊಳಿಸಬೇಕಾದ ಸಂಗತಿ.

ಪರೀಕ್ಷೆಗೆ ಮುಂಚೆಯೇ ಬರೆದಿಡಬೇಕಾದದ್ದು ಗೆಲುವಿನ ಅಳತೆಯಷ್ಟೇ ಅಲ್ಲ, ಯಾವ ಫಲಿತಾಂಶ ಬಂದರೆ ಯೋಜನೆಯನ್ನು ನಿಲ್ಲಿಸಲಾಗುವುದು ಎಂಬುದನ್ನೂ. ಇದು ಹೇಳುವಷ್ಟು ಸುಲಭವಲ್ಲ. ಮೂಲಮಾದರಿಯ ಹಂತಕ್ಕೆ ಬರುವಷ್ಟರಲ್ಲಿ ಯೋಜನೆಯ ಸುತ್ತ ಕಾರ್ಖಾನೆಗಳು, ಉದ್ಯೋಗಗಳು, ಅಧಿಕಾರಿಗಳ ಬಡ್ತಿ, ಜನಪ್ರತಿನಿಧಿಗಳ ಮಾತು ಎಲ್ಲವೂ ಸೇರಿಕೊಂಡಿರುತ್ತವೆ. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಉಂಟು: ಮೂಲಮಾದರಿ ಎಲ್ಲ ಪರೀಕ್ಷೆಗಳನ್ನೂ ಗೆದ್ದರೂ ಖರೀದಿಯ ಬಜೆಟ್‌ನಲ್ಲಿ ಅದಕ್ಕೆ ಜಾಗವಿಲ್ಲದೆ, ಸಂಶೋಧನೆಗೂ ಬಳಕೆಗೂ ನಡುವಿನ ಕಂದಕದಲ್ಲಿ ಅದು ಉಳಿದುಬಿಡುತ್ತದೆ. ಸಣ್ಣ ಕಂಪನಿಗಳು ಬಹುಪಾಲು ಅಲ್ಲಿಯೇ ಮುಳುಗುತ್ತವೆ. ಗೆದ್ದರೆ ಯಾವ ವರ್ಷ, ಯಾವ ವಿಭಾಗ, ಎಷ್ಟು ಕೊಳ್ಳುವುದು ಎಂಬುದನ್ನು ಕೂಡ ಅದೇ ಮೊದಲ ದಾಖಲೆಯಲ್ಲಿ ನಮೂದಿಸುವುದೊಂದೇ ಇದಕ್ಕೆ ಪರಿಹಾರ.

2024ರ ಫೆಬ್ರವರಿಯಲ್ಲಿ ಅಮೆರಿಕದ ಭೂಸೇನೆ, ಸುಮಾರು 200 ಕೋಟಿ ಡಾಲರ್ ಖರ್ಚು ಮಾಡಿದ್ದ ಹೊಸ ವಿಚಕ್ಷಣಾ ಹೆಲಿಕಾಪ್ಟರ್ ಯೋಜನೆಯನ್ನು ಕೈಬಿಟ್ಟಿತು. ಸ್ಪರ್ಧಿಗಳಿಬ್ಬರ ಮೂಲಮಾದರಿಗಳೂ ಬಹುಮಟ್ಟಿಗೆ ಸಿದ್ಧವಾಗಿದ್ದವು, ಆದರೆ ಅವು ಇನ್ನೂ ಹಾರಿರಲಿಲ್ಲ. ಯಂತ್ರದ ದೋಷದಿಂದ ಅದು ನಿಂತಿದ್ದಲ್ಲ. ಅಗ್ಗದ ಡ್ರೋನ್‌ಗಳು ಅದೇ ಕೆಲಸ ಮಾಡುತ್ತಿರುವುದನ್ನು ಉಕ್ರೇನಿನ ಯುದ್ಧಭೂಮಿ ತೋರಿಸಿದ ಮೇಲೆ, ಆ ಹೆಲಿಕಾಪ್ಟರ್‌ನ ಅಗತ್ಯವನ್ನೇ ಸೇನೆ ಮರುಪರಿಶೀಲಿಸಿತು. ನೂರಾರು ಹೆಲಿಕಾಪ್ಟರ್‌ಗಳ ತಯಾರಿಕೆಗೆ ಸಹಿ ಬೀಳುವ ಮುನ್ನ ಆ ನಿರ್ಧಾರ ಬಂದುದರಿಂದ, ಮುಂದೆ ಅದಕ್ಕೆಂದು ಮೀಸಲಾಗಬೇಕಿದ್ದ ಹಣ ಡ್ರೋನ್‌ಗಳಿಗೂ ಇತರ ವಿಮಾನಗಳಿಗೂ ಹರಿಯುವುದು ಸಾಧ್ಯವಾಯಿತು.